ಆಯುಧಪೂಜೆಗಿಟ್ಟ ಮದ್ದಿನ ಡಬ್ಬ

ದೇವರಾಜುವಿನ ಅನುಮಾನ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ಕನ್ನಡದವರಿಗೆಲ್ಲ ಗೊತ್ತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ ಅನ್ನುತ್ತಾರೆ. ಇವನು ಎಲ್ಲೂ ಬಾಯಿ ಸುಟ್ಟುಕೊಳ್ಳದೆ ಹುಟ್ಟಿದಾಗಿನಿಂದ ಊದುತ್ತಲೇ ಬಂದವನು. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ಕಿನಲ್ಲಿ ಯಾರಾದರೂ "ನಿಮ್ಮನೆ ಉಪ್ಸಾರು ಬೊಂಬಾಟಾಗಿತ್ತು" ಅಂದರೆ ಸಾಕು, ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು ಮನೆ ತಲುಪುವವರೆಗೂ ತಲೆ ಕೆಡಿಸಿಕೊಳ್ಳುವನು. ಕೆಲಸ, ಕಂಪ್ಯೂಟರಿನ ಚಿಪ್ಪುಗಳನ್ನು ಪರೀಕ್ಷೆ ಮಾಡುವ ಎಂಜಿನಿಯರು. ಯಾವುದನ್ನೂ ನಂಬದ ಗುಣಕ್ಕೆ ಆಫೀಸಿನಲ್ಲಿ ಸಂಬಳ ಕೊಡುತ್ತಿದ್ದರು. ಅದೇ ಗುಣಕ್ಕೆ ಮನೆಯಲ್ಲಿ ಹೆಂಡತಿ ಹರ್ಷಿತಾ ಮಂಗಳಾರತಿ ಎತ್ತುತ್ತಿದ್ದಳು.

ಇಂಥವನಿಗೆ ಹೇಳಿ ಮಾಡಿಸಿದಂಥ ಹವ್ಯಾಸವೂ ಸಿಕ್ಕಿತ್ತು. ಲಿವರ್‌ಮೋರ್ ದಾಟಿ ಗಾಳಿಯಂತ್ರಗಳ ಗುಡ್ಡದ ಕಡೆ ಹೋದರೆ ದನ ಸಾಕುವ ಒಂದು ರ‍್ಯಾಂಚು. ಅಲ್ಲಿ ನೆಲದೊಳಗೆ ಬಿಲ ತೋಡುವ ಅಳಿಲುಗಳ ಕಾಟ ವಿಪರೀತ. ಬಿಲಕ್ಕೆ ಕಾಲು ಸಿಕ್ಕಿ ಹಸುಗಳು ಕಾಲು ಮುರಿದುಕೊಳ್ಳುತ್ತವೆಂದು ರ‍್ಯಾಂಚಿನ ಯಜಮಾನ ನಂಬಿಕೆಯ ಒಂದಿಬ್ಬರಿಗೆ ಬಂದು ಹೊಡೆಯಿರಿ ಅಂದಿದ್ದ. ಅದಕ್ಕೆ ಬೇಕಾದ್ದು ಸಣ್ಣ ಗುಂಡಿನ, ದೂರಕ್ಕೆ ನೇರ ಹೋಗುವ ರೈಫಲ್ಲು. ರೈಫಲ್ಲಿಗೆ ತೋಟೆ ಬೇಕು. ಅಂಗಡಿಯ ತೋಟೆಯನ್ನು ದೇವರಾಜು ಮುಟ್ಟುತ್ತಿರಲಿಲ್ಲ. ಎಲ್ಲೋ ಯಾವುದೋ ಮಷೀನು ತುಂಬಿದ್ದನ್ನು ಕೆನ್ನೆಯ ಪಕ್ಕ ಇಟ್ಟುಕೊಂಡು ಹೊಡೆಯುವುದುಂಟೆ? ತನ್ನ ಗ್ಯಾರೇಜಿನಲ್ಲಿ ಕೂತು, ಒಂದೊಂದಕ್ಕೂ ಮದ್ದು ತೂಗಿ, ತಾನೇ ತುಂಬಿಕೊಳ್ಳುತ್ತಿದ್ದ.

ತೋಟೆ ಅಂದರೆ ಹೊರಗಿನವರಿಗೆ ಒಂದು ಗುಂಡು, ಅಷ್ಟೇ. ತುಂಬುವವನಿಗೆ ಅದೊಂದು ಅಡುಗೆ. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹಚ್ಚುವ ಪುಟ್ಟ ಬಿಲ್ಲೆ, ಒಳಗೆ ಮದ್ದು, ಮೇಲೆ ಗುಂಡು. ಇದರಲ್ಲಿ ಜೀವ ತಿನ್ನುವುದು ಮದ್ದನ್ನು ಆರಿಸುವ ಕೆಲಸ. ಒಲೆಗೆ ಸೌದೆ ಆರಿಸಿದ ಹಾಗೆಯೇ ಅದು. ತೆಂಗಿನ ಗರಿ ಭಗ್ಗನೆ ಹತ್ತಿ ಮುಗಿಯುತ್ತದೆ. ಹುಣಸೆ ಕೊರಡು ನಿಧಾನವಾಗಿ ಕಾವು ಕೊಡುತ್ತದೆ. ದೇವರಾಜುವಿನ ಹತ್ತಿರ ಎರಡು ರೈಫಲ್ಲಿದ್ದವು. ಚಿಕ್ಕದರ ತೋಟೆ ಪುಟ್ಟದು, ಅದಕ್ಕೆ ಗರಿಯಂಥ ಚುರುಕು ಮದ್ದು. ದೊಡ್ಡದಕ್ಕೆ ನಿಧಾನದ್ದು. ಗರಿ ಉರಿಯುವ ಕಡೆ ಕೊರಡಿಟ್ಟರೆ ಅನ್ನ ಬೇಯುವುದಿಲ್ಲ, ಅಷ್ಟೇ. ಕೊರಡಿನ ಜಾಗಕ್ಕೆ ಗರಿ ತುರುಕಿದರೆ ಒಲೆಯೇ ಸಿಡಿಯುತ್ತದೆ, ಮತ್ತು ಆ ಒಲೆ ಹೊಡೆಯುವವನ ಕಣ್ಣಿನ ಪಕ್ಕದಲ್ಲೇ ಇರುತ್ತದೆ.

ದೊಡ್ಡ ರೈಫಲ್ಲಿಗೆ ಸರಿಹೋಗುವ ಮದ್ದು ಹುಡುಕಲು ಅವನಿಗೆ ವರ್ಷಗಳೇ ಹಿಡಿದಿದ್ದವು. ಒಂದು ಮದ್ದು ಕಡ್ಡಿಕಡ್ಡಿಯಾಗಿತ್ತು, ಅಳೆಯುವ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇನ್ನೊಂದು ಚಳಿಗಾಲದಲ್ಲಿ ಸಾಧು, ಬೇಸಿಗೆಯಲ್ಲಿ ಪುಂಡ. ಮತ್ತೊಂದು ನಳಿಗೆಯನ್ನು ಮಸಿಕುಡಿಕೆ ಮಾಡುತ್ತಿತ್ತು. ಕೊನೆಗೆ ಒಲಿದದ್ದು ಗಸಗಸೆಯಂತೆ ದುಂಡಗೆ, ಬೆರಳ ಸಂದಿಯಲ್ಲಿ ನೀರಿನ ಹಾಗೆ ಜಾರುವ ಕಪ್ಪು ಕಾಳು. ಚಿಕ್ಕದಕ್ಕೆ ಹಾಕುವ ಚುರುಕು ಮದ್ದು ಕೂಡ ನೋಡಲು ಇಂಥದ್ದೇ, ಡಬ್ಬಗಳು ಕೂಡ ಒಂದೇ ಅಚ್ಚಿನವು. ಅದಕ್ಕೇ ತೋಟೆ ತುಂಬುವವರ ಕಟ್ಟುನಿಟ್ಟು ಏನೆಂದರೆ, ಎರಡು ಮದ್ದಿನ ಡಬ್ಬ ಒಟ್ಟಿಗೆ ಮೇಜಿಗೆ ಬರಕೂಡದು, ಒಂದರದ್ದು ಇನ್ನೊಂದಕ್ಕೆ ಹೋಗಕೂಡದು, ತುಂಬುವಾಗ ಬೇರೆ ಮಾತು ಬೇರೆ ಕೆಲಸ ಇರಕೂಡದು. ಪರರು ತುಂಬಿದ ತೋಟೆಯನ್ನು ಹೊಡೆಯಲೇಕೂಡದು ಎಂಬುದು ಇವೆಲ್ಲಕ್ಕಿಂತ ದೊಡ್ಡದು.

ಈ ಹುಚ್ಚಿನಲ್ಲಿ ಅವನಿಗೆ ಇದ್ದ ಒಬ್ಬನೇ ಜೊತೆಗಾರ ಸರಟೋಗಾದ ಹಲ್ಲಿನ ಡಾಕ್ಟರು, ರಘೋತ್ತಮ. ಮೈಸೂರಿನವರು, ಈರುಳ್ಳಿ ಹೆಚ್ಚುವುದಕ್ಕೂ ಪಂಚಾಂಗ ನೋಡುವ ಮನೆತನ. ರ‍್ಯಾಂಚಿಗೆ ಬಂದರೂ ಕಾಗದದ ಗುರಿಗೆ ಮಾತ್ರ ಹೊಡೆಯುವರು.

"ಅಳಿಲು ಸೇತುವೆಗೆ ಮರಳು ಹೊತ್ತಿದ್ದು ಕಣ್ರೀ ಗೌಡ್ರೇ. ಅದಕ್ಕೆ ಗುರಿ ಇಡೋಕೆ ನನಗೆ ಕೈ ಬರಲ್ಲ," ಎನ್ನುವರು.

"ಇದರ ಬೆನ್ನ ಮೇಲೆ ಮೂರು ಗೆರೆ ಎಲ್ಲೈತೆ ತೋರ್ಸಿ ಡಾಕ್ಟ್ರೇ. ಇದು ರಾಮನ ಪಾರ್ಟಿ ಅಲ್ಲ," ಎಂದು ಇವನು. ಹತ್ತು ವರ್ಷದಿಂದ ಇದೇ ಜೋಕು, ಇಬ್ಬರಿಗೂ ಬೇಸರ ಬಂದಿರಲಿಲ್ಲ.

ಡಾಕ್ಟರ ರೈಫಲ್ಲೂ ಇವನ ದೊಡ್ಡ ರೈಫಲ್ಲಿನ ಜಾತಿಯದೇ. ಆದರೆ ಗುಂಡುಗಳು ಒಂದೆಡೆ ಬೀಳದೆ ಹರಡಿಕೊಂಡು ಬೀಳುತ್ತಿದ್ದವು. "ಯಾವ ಪೌಡರ್ ಹಾಕ್ತೀರಿ ಹೇಳ್ರೀ," ಎಂದು ಅವರು ಪೀಡಿಸುತ್ತಲೇ ಇದ್ದರು. ದೇವರಾಜು ಬಾಯಿ ಬಿಡಲಿಲ್ಲ. ಕಷ್ಟಪಟ್ಟು ಹುಡುಕಿದ್ದನ್ನು ಸುಮ್ಮನೆ ಹೇಳಿಬಿಡುವುದೆ? ಅದೂ ಮುಂದಿನ ತಿಂಗಳು ಶೂಟಿಂಗ್ ಕ್ಲಬ್ಬಿನ ಪಂದ್ಯದಲ್ಲಿ ಇಬ್ಬರೂ ಎದುರುಬದುರು ಇರುವಾಗ? ಆಯುಧಪೂಜೆಯ ದಿನ ಊಟಕ್ಕೆ ಬಂದಾಗ ಡಾಕ್ಟರು ಮತ್ತೆ ಕೇಳಿದರು. "ಹೆಸರು ಬೇಡ ಬಿಡಿ. ನೀವು ತುಂಬಿದ್ದೇ ಒಂದಷ್ಟು ಕೊಡಿ. ಅದೂ ಹರಡಿದ್ರೆ ತಪ್ಪು ಗನ್ನಿಂದು. ಹರಡಲಿಲ್ಲ ಅಂದ್ರೆ ತಪ್ಪು ನನ್ನ ಪೌಡರಿಂದು. ಇಡೀ ಕ್ಯಾಲಿಫೋರ್ನಿಯಾದಲ್ಲಿ ನಾನು ನಂಬಿ ಹೊಡೆಯೋದಾದ್ರೆ ನಿಮ್ಮ ಕೈಯಿಂದು ಮಾತ್ರ." ಹೊಗಳಿಕೆಗೆ ಸೋಲದ ಅನುಮಾನದವನು ಇನ್ನೂ ಹುಟ್ಟಿಲ್ಲ. ಗುಟ್ಟೂ ಉಳಿಯಿತು, ಗತ್ತೂ ಉಳಿಯಿತು ಎಂದು ದೇವರಾಜು ಒಪ್ಪಿಕೊಂಡ.

ಆ ಸಲದ ಆಯುಧಪೂಜೆಯ ಯಜಮಾನಿಕೆ ಅವನ ತಾಯಿ ಜವರಮ್ಮನದು. ಮಂಡ್ಯದ ಹತ್ತಿರದ ಹಳ್ಳಿಯಿಂದ ಆರು ತಿಂಗಳಿಗೆಂದು ಬಂದ ಮುದುಕಿ, ಮಗನ ಮನೆಯಲ್ಲಿ ಆಯುಧವೆಂದರೆ ಗ್ಯಾರೇಜಿನಲ್ಲಿರುವುದೇ ಎಂದು ತೀರ್ಮಾನಿಸಿ, ಕಾರು, ಡ್ರಿಲ್ಲು, ತಕ್ಕಡಿ, ತೋಟೆ ಒತ್ತುವ ಯಂತ್ರ, ಎಲ್ಲವನ್ನೂ ಒರೆಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವು ಮುಡಿಸಿದ್ದಳು. ಮದ್ದಿನ ಡಬ್ಬದ ಮುಚ್ಚಳಕ್ಕೂ ಒಂದು ಬೊಟ್ಟು. ಡಬ್ಬದ ಮೇಲಿನ ಹೆಸರನ್ನು ದೇವರಾಜು ಎಂದೋ ಟೇಪು ಹಚ್ಚಿ ಮುಚ್ಚಿದ್ದ. ಡಾಕ್ಟರಂತೂ ಕರಗಿಹೋದರು. ಊಟವಾದ ಮೇಲೆ "ಇನ್ನೊಂದ್ಸಲ ನೋಡಿ ಬರ್ತೀನಿ" ಎಂದು ಒಬ್ಬರೇ ಗ್ಯಾರೇಜಿಗೆ ಹೋಗಿ, ಬಹಳ ಹೊತ್ತು ನಿಂತು, ಫೋಟೊ ತೆಗೆದುಕೊಂಡು ಬಂದರು.

ಅದಾದ ಮುಂದಿನ ವಾರ ದೇವರಾಜು ತೋಟೆ ತುಂಬಿದ. ತನಗೆ ಒಂದು ಪೆಟ್ಟಿಗೆ, ಡಾಕ್ಟರಿಗೆ ಒಂದು. ಅಂದು ಕಿವಿಯಲ್ಲಿ ಬೆಂಗಳೂರಿನ ಟೀಮಿನವರ ಮೀಟಿಂಗು ನಡೆಯುತ್ತಿತ್ತು, ಕೈಯಲ್ಲಿ ಮದ್ದು. ತುಂಬುವಾಗ ಬೇರೆ ಕೆಲಸ ಕೂಡದೆಂದು ಊರಿಗೆಲ್ಲ ಉಪದೇಶ ಮಾಡುವವನು ಅವತ್ತು ತಾನೇ ಹಾಗೆ ಮಾಡಿದ. ಡಬ್ಬ ಕಂಠಮಟ್ಟ ಇದ್ದದ್ದನ್ನು ಕಣ್ಣು ನೋಡಿತು, ತಲೆಗೆ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಬೇರೆಬೇರೆ ಕಾರಿನಲ್ಲಿ ರ‍್ಯಾಂಚಿಗೆ ಬಂದರು. ಗುಡ್ಡಗಳು ಒಣಗಿದ ಹುಲ್ಲಿನಿಂದ ಹಳದಿಯಾಗಿದ್ದವು, ಗಾಳಿ ಕಿವಿಗೆ ತಣ್ಣಗೆ ಹೊಡೆಯುತ್ತಿತ್ತು. ದೇವರಾಜು ಪೆಟ್ಟಿಗೆಯನ್ನು ಡಾಕ್ಟರ ಕೈಗೆ ಕೊಟ್ಟ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ನಗಾಡಿದರು, ಆಮೇಲೆ ರೈಫಲ್ಲು ಊರಿ ಹೊಡೆಯುವ ಮೇಜಿನ ಮೇಲೆ ಅದನ್ನಿಟ್ಟು, ಕಾಗದದ ಗುರಿ ಅಂಟಿಸಲು ದೂರದ ದಿಬ್ಬದ ಪಕ್ಕಕ್ಕೆ ಹೋದರು. ದೇವರಾಜು ಇನ್ನೊಂದು ಇಳಿಜಾರಿನ ಕಡೆ ತಿರುಗಿ, ಬಿಲದ ಬಾಯಲ್ಲಿ ಎದ್ದು ನಿಂತ ಒಂದು ಅಳಿಲಿಗೆ ಗುರಿ ಹಿಡಿದು ಹೊಡೆದ.

ಸದ್ದು ಎಂದಿನಂತಿರಲಿಲ್ಲ. ಹೆಗಲಿಗೆ ಬಿದ್ದ ಏಟೂ ಬೇರೆ. ಕೊಳವೆ ಹೊರತೆಗೆಯಲು, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ಹಿಡಿ ಎತ್ತಲು ಹೋದರೆ ಏಳಲೊಲ್ಲದು. ಅಂಗೈಯ ಬುಡದಿಂದ ಗುದ್ದಿದ. ಮತ್ತೊಮ್ಮೆ ಗುದ್ದಿದ ಮೇಲೆ ಖಾಲಿ ಕೊಳವೆ ಹೊರಬಂತು. ಬುಡದ ಬಿಲ್ಲೆ ಕಾಲಡಿ ಸಿಕ್ಕ ಹುರಿಗಡಲೆಯಂತೆ ಅಪ್ಪಚ್ಚಿಯಾಗಿತ್ತು, ಸುತ್ತ ಮಸಿ ಕಾರಿತ್ತು. ಒಳಗಿನ ಒತ್ತಡ ಇರಬೇಕಾದ್ದಕ್ಕಿಂತ ಎಷ್ಟೋ ಮೇಲೆ ಹೋಗಿ, ಉಕ್ಕು ಹೇಗೋ ತಡೆದುಕೊಂಡಿದೆ ಎಂದು ಅದರ ಅರ್ಥ. ಇನ್ನಷ್ಟು ಏರಿದ್ದರೆ ಬೋಲ್ಟು ಹಣೆಗೇ ಬರುತ್ತಿತ್ತು.

ತೂಕ ತಪ್ಪಿರಲು ಸಾಧ್ಯವಿಲ್ಲ, ಒಂದೊಂದನ್ನೂ ತಕ್ಕಡಿಯಲ್ಲಿಟ್ಟಿದ್ದ. ಕೊಳವೆ ಅದೇ, ಗುಂಡು ಅದೇ. ಉಳಿದದ್ದು ಮದ್ದು. ಡಬ್ಬ ಕಂಠಮಟ್ಟ ಇದ್ದದ್ದು ಈಗ ತಲೆಗೆ ಹೋಯಿತು. ಅಷ್ಟಿರಲಿಲ್ಲವಲ್ಲ! ಬೇಸಿಗೆಯಲ್ಲೇ ಒಂದಷ್ಟು ಬಳಸಿದ್ದೆನಲ್ಲ! ಯಾರೋ ಕೈ ಹಾಕಿದ್ದಾರೆ. ಯಾರೋ ಏನು, ಪೂಜೆಯ ದಿನ ಗ್ಯಾರೇಜಿನಲ್ಲಿ ಒಬ್ಬರೇ ನಿಂತಿದ್ದವರು ಯಾರು? ಹೆಸರು ಹೆಸರು ಎಂದು ಪ್ರಾಣ ತಿನ್ನುತ್ತಿದ್ದವರು ಯಾರು?

"ಏನಾಯ್ತು ಗೌಡ್ರೇ? ಬೋಲ್ಟ್ ಟೈಟಾ?" ಗುರಿ ಅಂಟಿಸಿ ವಾಪಸು ಬರುತ್ತಿದ್ದ ಡಾಕ್ಟರು ಕೇಳಿದರು.

"ಏನಿಲ್ಲ."

"ಬಿಸಿಲಿಗಿರಬಹುದು ಕಣ್ರೀ."

ಬಿಸಿಲೆಲ್ಲಿದೆ ಇಲ್ಲಿ? ಕೇಳುವ ಮುಂಚೆಯೇ ಕಾರಣ ಹೇಳುತ್ತಾರಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ದೇವರಾಜು ಅವರ ಮುಖ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ, ಅದೇ ಅವನಿಗೆ ದೊಡ್ಡ ಸಾಕ್ಷಿಯಾಯಿತು. ನನ್ನ ಡಬ್ಬದಿಂದ ಬೇಕಾದಷ್ಟು ತೆಗೆದುಕೊಂಡು, ಗೊತ್ತಾಗದಿರಲೆಂದು ತನ್ನ ಯಾವುದೋ ಮದ್ದು ಸುರಿದಿದ್ದಾನೆ, ಕೈತಪ್ಪಿ ಜಾಸ್ತಿ ಬಿದ್ದಿದೆ. ಹತ್ತು ವರ್ಷ ಅನ್ನ ಸಾರು ಹಂಚಿಕೊಂಡು ತಿಂದವನು! ಮನಸ್ಸಿನಲ್ಲಿ ಡಾಕ್ಟರು ಆಗಲೇ ಏಕವಚನಕ್ಕೆ ಇಳಿದಿದ್ದರು.

ಅವನು ಅಪ್ಪಚ್ಚಿಯಾದ ಬಿಲ್ಲೆಯ ಕೊಳವೆಯನ್ನು ಜೇಬಿಗೆ ಹಾಕಿಕೊಂಡ. ರೈಫಲ್ಲನ್ನು ಚೀಲಕ್ಕೆ ತುಂಬಿದ. "ಮನೇಲಿ ಸ್ವಲ್ಪ ಕೆಲಸ ಐತೆ ಡಾಕ್ಟ್ರೇ, ನಾನು ಹೊರಟೆ."

"ಒಂದೇ ಹೊಡೆದು ಹೊರಟ್ರಾ? ಹುಷಾರಾಗಿದೀರಾ?"

"ಹುಷಾರಾಗಿವ್ನಿ."

ಡಾಕ್ಟರಿಗೆ ಕೊಟ್ಟ ಪೆಟ್ಟಿಗೆ ಮೇಜಿನ ಮೇಲೆಯೇ ಇತ್ತು. ದೇವರಾಜು ಅದನ್ನು ನೋಡಿದ. ವಾಪಸು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಮಾಡಿದವನಿಗೆ ಗೊತ್ತಿರುತ್ತದೆ, ಮುಟ್ಟುವುದಿಲ್ಲ. ಮುಟ್ಟಲಿಲ್ಲ ಅಂದರೆ ಕಳ್ಳ ಸಿಕ್ಕ ಹಾಗೆ. ಹಾಗೆಂದುಕೊಂಡೇ ಕಾರು ಹತ್ತಿದ. ಮುಟ್ಟಿದರೆ ಏನು ಎಂಬ ಪ್ರಶ್ನೆಯನ್ನು ಅವನು ಆಗ ಕೇಳಿಕೊಳ್ಳಲಿಲ್ಲ, ಅಥವಾ ಅದು ಬಂದು ಬಾಗಿಲು ತಟ್ಟಿದಾಗ ತೆರೆಯಲಿಲ್ಲ.

ರ‍್ಯಾಂಚಿನ ಗೇಟಿನ ಬಳಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಕಿವಿಗೊಟ್ಟ. ಗಾಳಿಯಂತ್ರಗಳ ಸದ್ದು. ದನಗಳ ಸದ್ದು. ಎಷ್ಟು ಹೊತ್ತಾದರೂ ಗುಂಡಿನ ಸದ್ದು ಬರಲಿಲ್ಲ. ಸಿಕ್ಕಿಬಿದ್ದ, ಎಂದುಕೊಂಡ ದೇವರಾಜು. ಎದೆಯಲ್ಲಿ ಉರಿಯೂ ಇತ್ತು, ನಾಚಿಕೆಗೇಡು ಅನ್ನಿಸುವಷ್ಟು ಸಂತೋಷವೂ ಇತ್ತು.

ಫ್ರೀವೇಯಲ್ಲಿ ಮನೆಗೆ ಬರುವಷ್ಟರಲ್ಲಿ ಹೇಳಬೇಕಾದ ಮಾತುಗಳೆಲ್ಲ ಸಿದ್ಧವಾಗಿದ್ದವು. ನೇರ ಗ್ಯಾರೇಜಿಗೆ ಹೋದ. ಮದ್ದಿನ ಡಬ್ಬ ತೆರೆದು ಒಂದಿಷ್ಟನ್ನು ಬಿಳಿ ಕಾಗದಕ್ಕೆ ಸುರಿದು, ದೀಪದ ಕೆಳಗೆ ಭೂತಗನ್ನಡಿ ಹಿಡಿದ. ಗಸಗಸೆಯ ನಡುವೆ ಇನ್ನೂ ಸಣ್ಣ, ಇನ್ನೂ ಹೊಳೆಯುವ ಕಾಳುಗಳು. ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಚಿಕ್ಕ ರೈಫಲ್ಲಿನ ಚುರುಕು ಮದ್ದಿನ ಕಾಳು ಹೀಗೆಯೇ ಇರುತ್ತದಲ್ಲ? ಅದರ ಡಬ್ಬ ಇರಬೇಕಾದ ಬೀರು ತೆರೆದ. ಡಬ್ಬವೇ ಇರಲಿಲ್ಲ.

"ಕದ್ದೇಬಿಟ್ಟವ್ನೆ!" ಎಂದು ಕೂಗಿಕೊಂಡ.

ಹರ್ಷಿತಾ ಬಾಗಿಲಲ್ಲಿ ನಿಂತಿದ್ದಳು. "ಯಾರು? ಏನು?"

"ನಿನ್ನ ಡಾಕ್ಟ್ರು. ಡಬ್ಬಾನೇ ಹೊತ್ಕೊಂಡೋಗವ್ನೆ."

"ರೀ, ಯಾರ ಬಗ್ಗೆ ಏನು ಮಾತಾಡ್ತಿದೀರಿ, ಗ್ಯಾನ ಇದೆಯಾ? ಮೊದ್ಲು ಒಳಗೆ ಬಂದು ನೀರು ಕುಡೀರಿ. ಮುಖ ನೋಡ್ಕೊಳ್ಳಿ ಹೇಗಾಗಿದೆ."

ಅಡುಗೆಮನೆಯ ನಲ್ಲಿಯ ಹತ್ತಿರ ಲೋಟ ಹಿಡಿದವನು ಹಾಗೆಯೇ ನಿಂತ. ಸಿಂಕಿನ ಮುಂದಿನ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲು ಬೀಳುವ ಕಡೆ, ದೊಡ್ಡಪತ್ರೆಯ ಒಂದು ಕಡ್ಡಿ ನೆಟ್ಟಿತ್ತು. ಹೊಸ ಚಿಗುರು ಬಂದಿತ್ತು. ಅದನ್ನು ನೆಟ್ಟ ಡಬ್ಬದ ಮೇಲಿನ ಚೀಟಿ ಅರ್ಧ ಕಿತ್ತುಹೋಗಿದ್ದರೂ, ಆ ಬಣ್ಣ, ಆ ಅಚ್ಚು ಅವನಿಗೆ ಗೊತ್ತು. ಪೂಜೆಯಾದಾಗಿನಿಂದ ದಿನಾ ಬೆಳಿಗ್ಗೆ ಅದರ ಮುಂದೆಯೇ ನಿಂತು ಕಾಫಿ ಕುಡಿದಿದ್ದ.

"ಅವ್ವ."

ಜವರಮ್ಮ ಊಟದ ಮೇಜಿನ ಹತ್ತಿರ ಅವರೆಕಾಯಿ ಬಿಡಿಸುತ್ತಿದ್ದಳು. "ಏನ್ಲಾ?"

"ಈ ಡಬ್ಬ ಎಲ್ಲಿ ಸಿಕ್ತು?"

"ನಿನ್ ಕಾರ್ ಮನೇಲೇ ಇತ್ತು. ಪೂಜೆ ದಿನ ಎತ್ಕಂಡೆ."

"ಇದ್ರಲ್ಲಿ ಪುಡಿ ಇತ್ತಲ್ಲವ್ವ."

"ತಳದಾಗೆ ಒಂದೆರಡು ಹಿಡಿ ಇತ್ತು. ಇನ್ನೊಂದು ಡಬ್ಬಾನೂ ವಸಿ ಕಮ್ಮಿ ಇತ್ತು. ಬರ್ದು ಡಬ್ಬಾವ ದ್ಯಾವ್ರ ಮುಂದೆ ಮಡಗ್ಬಾರ್ದು ಕಣಪ್ಪ. ನಮ್ಮನೇಲಿ ಆಯುಧಪೂಜೆಗೆ ಸೇರು ತುಂಬ ರಾಗಿ ಅಳ್ದು ನೇಗ್ಲು ಪಕ್ಕ ಮಡಗ್ತಿರ್ಲಿಲ್ವಾ, ಮರ್ತೋದ್ಯಾ? ಎರಡೂ ಒಂದೇ ಗಸಗಸೆ ಅಂಗಿದ್ವು. ಇದುನ್ನ ಅದುಕ್ ಸುರ್ದು, ಕುಲುಕಿ, ಮಟ್ಟಸ ಮಾಡಿ ಮಡಗ್ದೆ." ಮಗನ ಮುಖ ನೋಡಿ ಅವಳ ಕೈ ನಿಂತಿತು. "ಅದ್ಯಾಕ್ಲಾ ಅಂಗ್ ನೋಡ್ತೀಯ? ತಪ್ಪಾಯ್ತಾ?"

ಅವಳ ಮೇಲೆ ಸಿಟ್ಟು ಬರಲು ಪುರುಸೊತ್ತೇ ಇರಲಿಲ್ಲ. ದೇವರಾಜುವಿನ ಕಿವಿಯಲ್ಲಿ ಒಂದೇ ಮಾತು: ಹಾಗಾದರೆ ಅವರಿಗೆ ಗೊತ್ತಿಲ್ಲ. ಮದ್ದು ಬೆರೆತದ್ದು ಡಾಕ್ಟರಿಗೆ ಗೊತ್ತಿಲ್ಲ. ಇಡೀ ಕ್ಯಾಲಿಫೋರ್ನಿಯಾದಲ್ಲಿ ಅವರು ನಂಬುವ ಒಂದೇ ಕೈ ತುಂಬಿದ ಪೆಟ್ಟಿಗೆ ಅವರ ಮುಂದಿದೆ. ಕುಲುಕಿದ್ದು ಸಮನಾಗಿ ಬೆರೆತಿಲ್ಲ, ಭೂತಗನ್ನಡಿಯಲ್ಲಿ ನೋಡಿದ್ದನಲ್ಲ. ತನ್ನ ಪಾಲಿಗೆ ಬಂದದ್ದು ಕಮ್ಮಿ ಬೆರೆತ ತೋಟೆ. ಮುಂದಿನದರಲ್ಲಿ ಚುರುಕು ಮದ್ದು ಎಷ್ಟಿದೆಯೆಂದು ಬ್ರಹ್ಮನಿಗೂ ಗೊತ್ತಿಲ್ಲ.

ಫೋನ್ ಮಾಡಿದ. ರಿಂಗೇ ಆಗದೆ ರೆಕಾರ್ಡಿಂಗಿಗೆ ಹೋಯಿತು. ಆ ಗುಡ್ಡಗಳಲ್ಲಿ ಸಿಗ್ನಲ್ ಸಿಕ್ಕರೆ ಪುಣ್ಯ. ಬೆಳಿಗ್ಗೆ ಆದದ್ದನ್ನು ಹರ್ಷಿತಾಳಿಗೆ ಎರಡೇ ಮಾತಿನಲ್ಲಿ ಹೇಳಿದ.

"ಅವ್ರಿಗೆ ಹೇಳ್ದೆ ಬಂದ್ರಾ?" ಹರ್ಷಿತಾಳ ದನಿ ಸಣ್ಣದಾಯಿತು. "ತೋಟೆ ಸರಿ ಇಲ್ಲ ಅಂತ ಗೊತ್ತಾದ್ಮೇಲೂ ಹೇಳ್ದೆ ಬಂದ್ರಾ?"

ಅವನು ಕಾರಿನ ಕೀ ಹುಡುಕುತ್ತಿದ್ದ.

"ಹೋಗಿ. ನಾನು ಫೋನ್ ಮಾಡ್ತಾನೇ ಇರ್ತೀನಿ. ಹೋಗಿ ಮೊದ್ಲು."

ಶನಿವಾರದ ಫ್ರೀವೇ. ಲಿವರ್‌ಮೋರಿನ ಮಾಲಿಗೆ ಹೋಗುವವರ ಸಾಲು ಬಲಗಡೆ ಬಾಲ ಬೆಳೆಸಿಕೊಂಡು ನಿಂತಿತ್ತು. ದೇವರಾಜು ನಾಲ್ಕೂ ಲೇನು ಬದಲಾಯಿಸಿದ, ಹಾರ್ನ್ ಹೊಡೆದ, ಒಬ್ಬರಿಂದ ಬೈಸಿಕೊಂಡ. ಮಂಡ್ಯ ಬಿಟ್ಟ ಮೇಲೆ ಬಾಯಿಗೆ ಬಾರದಿದ್ದ ಮನೆದೇವರ ಹೆಸರು ತಾನಾಗಿ ಬರತೊಡಗಿತು. ಡಾಕ್ಟರ ಕೈ ನೆನಪಾಯಿತು. ಹರ್ಷಿತಾ ಬಸುರಿಯಾಗಿದ್ದಾಗ ಹಲ್ಲುನೋವೆಂದು ಅತ್ತರೆ ರಜಾದಿನ ಕ್ಲಿನಿಕ್ಕಿನ ಬಾಗಿಲು ತೆಗೆದು ನೋಡಿದ ಕೈ. ಆ ಮಗು ಉಳಿಯದಿದ್ದಾಗ ಏನೂ ಮಾತಾಡದೆ ಬಂದು ಅಡುಗೆಮನೆಯಲ್ಲಿ ಸಾರನ್ನ ಮಾಡಿಟ್ಟುಹೋದ ಕೈ. ಅದರ ಹಿಂದೆಯೂ ಏನೋ ಲೆಕ್ಕವಿರಬೇಕೆಂದು ತಾನು ಆಗ ಎರಡು ದಿನ ಯೋಚಿಸಿದ್ದೂ ನೆನಪಾಯಿತು. ದೇವರಾಜುವಿಗೆ ತನ್ನ 'ಬುದ್ಧಿ'ಯ ಮೇಲೆ ಹೇಸಿಗೆಯಾಯಿತು.

ಗೇಟು ದಾಟಿ ಮಣ್ಣುದಾರಿಯಲ್ಲಿ ಧೂಳೆಬ್ಬಿಸಿಕೊಂಡು ಹೋದ. ಡಾಕ್ಟರ ಕಾರು ಅಲ್ಲೇ ಇತ್ತು. ಮೇಜಿನ ಹತ್ತಿರ ಯಾರೂ ಕಾಣಲಿಲ್ಲ. ಕಾರು ಪೂರ್ತಿ ನಿಲ್ಲುವ ಮುಂಚೆಯೇ ಇಳಿದು, "ಡಾಕ್ಟ್ರೇ! ಡಾಕ್ಟ್ರೇ!" ಎಂದು ಓಡಿದ.

ಅವರು ಕಾರಿನ ಆ ಬದಿಯ ನೆರಳಿನಲ್ಲಿ, ಮಡಿಚುವ ಕುರ್ಚಿಯಲ್ಲಿ ಕೂತಿದ್ದರು. ಮೊಸರನ್ನದ ಡಬ್ಬಿ ತೊಡೆಯ ಮೇಲಿತ್ತು, ಮುಚ್ಚಳ ತೆಗೆದಿರಲಿಲ್ಲ. ಕಣ್ಣು ಎರಡೂ ಇದ್ದವು, ಕೈ ಎರಡೂ ಇದ್ದವು. ದೇವರಾಜು ಮಂಡಿ ಹಿಡಿದು ಬಗ್ಗಿ ನಿಂತು ಉಸಿರು ತೆಗೆದುಕೊಂಡ. ಅಳು ಬಂದುಬಿಡುತ್ತದೆ ಅನ್ನಿಸಿತು.

"ಹೊಡೀಲಿಲ್ಲ ತಾನೆ?"

"ಇಲ್ಲ."

"ಪುಣ್ಯ... ಪುಣ್ಯ ಡಾಕ್ಟ್ರೇ. ನಮ್ಮವ್ವ ಪೂಜೆ ದಿನ ಎರಡು ಪೌಡ್ರನ್ನೂ ಬೆರೆಸ್ಬಿಟ್ಟವ್ರೆ. ಡಬ್ಬ ತುಂಬಿರ್ಬೇಕು ಅಂತ. ನನಗೀಗ ಗೊತ್ತಾಯ್ತು. ಗೊತ್ತಾದ ತಕ್ಷಣ ಓಡ್ಬಂದೆ."

ರಘೋತ್ತಮ ಅವನನ್ನೇ ನೋಡಿದರು. ಬಾಯಿ ತೆರೆದು ಕೂತವರ ಹಲ್ಲನ್ನು ನೋಡುವ ನೋಟ ಅದು, ಎಲ್ಲಿ ಹುಳುಕಿದೆ ಎಂದು ಹುಡುಕುವ ನೋಟ. "ಅಮ್ಮ ಮಾಡಿದ್ದು ನಿಮಗೆ ಈಗ ಗೊತ್ತಾಯ್ತು. ಸರಿ. ತೋಟೆ ಕೆಟ್ಟಿದೆ ಅನ್ನೋದು ಬೆಳಿಗ್ಗೇನೇ ಗೊತ್ತಾಯ್ತಲ್ಲ?"

ದೇವರಾಜುವಿನ ಕೈ ಜೇಬಿನಲ್ಲಿದ್ದ ಕೊಳವೆಯ ಮೇಲೆ ಹೋಯಿತು.

"ಬೋಲ್ಟಿಗೆ ನೀವು ಎರಡು ಸಲ ಗುದ್ದಿದ್ದನ್ನ ಆ ದಿಬ್ಬದ ಹತ್ತಿರದಿಂದಲೇ ನೋಡಿದೆ. ನೆಲಕ್ಕೆ ಬೀಳೋ ಕೊಳವೇನ ನೀವು ಯಾವತ್ತೂ ಜೇಬಿಗೆ ಹಾಕ್ಕೊಳಲ್ಲ. ಇವತ್ತು ಹಾಕ್ಕೊಂಡ್ರಿ. ನಾನೇ ಬಾಯಿಬಿಟ್ಟು ಬಿಸಿಲಿಗಿರಬಹುದು ಅಂದೆ, ಆಗ್ಲಾದ್ರೂ ಹೇಳ್ತೀರಿ ಅಂತ. ನೀವು ನನ್ನ ಮುಖ ನೋಡಿದ್ರಿ. ಆಮೇಲೆ ಈ ಪೆಟ್ಟಿಗೆ ನೋಡಿದ್ರಿ." ಅವರು ದೂರದ ಗೇಟಿನ ಕಡೆ ಕೈ ತೋರಿಸಿದರು. "ಆಮೇಲೆ ಗೇಟಿನ ಹತ್ತಿರ ಕಾರು ನಿಲ್ಲಿಸಿದ್ರಿ. ಇಲ್ಲಿಂದ ಕಾಣುತ್ತೆ ಅದು. ಏನು ಕೇಳೋಕೆ ನಿಂತಿದ್ರಿ?"

ಅಳಿಲೊಂದು ಎಲ್ಲೋ ಚಿಟಚಿಟ ಎಂದು ಕೂಗಿಕೊಳ್ಳುತ್ತಿತ್ತು. ಸುಳ್ಳು ಹೇಳಬಹುದಿತ್ತು. ಆ ಮುಖದ ಮುಂದೆ ಅದು ಆಗಲಿಲ್ಲ.

"ನೀವೇ ಬೆರೆಸಿರ್ತೀರಿ ಅಂದ್ಕೊಂಡೆ. ನಿಮಗೆ ಗೊತ್ತಿರುತ್ತೆ, ಹೊಡೆಯಲ್ಲ ಅಂದ್ಕೊಂಡೆ."

"ಹೊಡೆದಿದ್ರೆ?"

ಹೊಡೆದಿದ್ದರೆ ನಿಮ್ಮ ಮೇಲಿನ ಅನುಮಾನ ಹೋಗುತ್ತಿತ್ತು ಎಂಬುದೇ ಪ್ರಾಮಾಣಿಕವಾದ ಉತ್ತರ. ಅದನ್ನು ಬಾಯಿಂದ ಹೇಳುವ ಗಂಡೆದೆ ಯಾರಿಗಿರುತ್ತದೆ?

ಡಾಕ್ಟರು ಎದ್ದು ಕುರ್ಚಿ ಮಡಿಚಿದರು. ರೈಫಲ್ಲು ಆಗಲೇ ಚೀಲದಲ್ಲಿತ್ತು. ಅವರು ಹೊರಡದೆ ಕೂತದ್ದು ಇಷ್ಟು ಹೊತ್ತೂ ಕಾಯಲಿಕ್ಕೆಂದೇ, ಇವನು ಬರುತ್ತಾನೋ ಇಲ್ಲವೋ ನೋಡಲಿಕ್ಕೆಂದೇ ಎಂದು ದೇವರಾಜುವಿಗೆ ಆಗ ಹೊಳೆಯಿತು.

"ನೀವು ಅನುಮಾನ ಪಟ್ಟಿದ್ದಕ್ಕೆ ನನಗೇನೂ ಬೇಜಾರಿಲ್ಲ. ನೀವು ಎಲ್ಲರ ಮೇಲೂ ಪಡ್ತೀರಿ. ನಮ್ಮ ಮನೇಲಿ ಹೇಳ್ತಾರೆ, ಬೇರೆಯವರು ತುಂಬಿದ್ದು ಹೊಡೀತೀರಲ್ಲ, ನಿಮಗೆ ಬುದ್ಧಿ ಇದೆಯಾ ಅಂತ. ದೇವರನ್ನೂ ಒಂದ್ಸಲ ತೂಗಿ ನೋಡೋ ಮನುಷ್ಯ ಕಣೇ ಅವರು, ಅವರ ಕೈಲಿ ತಪ್ಪಾಗಲ್ಲ ಅಂತ ನಾನು ಹೇಳಿದ್ದೆ. ನಿಮ್ಮ ಆ ಅನುಮಾನಾನೇ ನಂಬ್ಕೊಂಡು ನಿಮ್ಮ ತೋಟೆ ತಗೊಂಡೆ ನಾನು."

ಪೆಟ್ಟಿಗೆಯನ್ನು ಅವನ ಕೈಗಿಟ್ಟರು. ಬೆಳಿಗ್ಗೆ ಎರಡೂ ಕೈಯಲ್ಲಿ ತೆಗೆದುಕೊಂಡಿದ್ದವರು ಈಗ ಒಂದೇ ಕೈಯಲ್ಲಿ ಕೊಟ್ಟರು.

"ಅಮ್ಮನಿಗೆ ಬೈಬೇಡಿ. ಬರ್ತೀನಿ, ದೇವರಾಜು ಅವರೇ."

ಹತ್ತು ವರ್ಷದಲ್ಲಿ ಅವರು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕಾರು ಇಳಿಜಾರು ಇಳಿದು, ಗೇಟಿನ ಹತ್ತಿರ ನಿಲ್ಲದೆ, ರಸ್ತೆಗೆ ಹೊರಳಿತು. ಅಷ್ಟು ದೂರದಿಂದಲೂ ಗೇಟು ಸ್ಪಷ್ಟವಾಗಿ ಕಾಣುತ್ತಿತ್ತು.

ಮಧ್ಯಾಹ್ನ ಅವನು ಆ ತೋಟೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಮದ್ದನ್ನು ಹಿತ್ತಲಿನ ಹುಲ್ಲಿನ ಮೇಲೆ ತೆಳ್ಳಗೆ ಹರಡಿ ನೀರು ಹಾಯಿಸಿದ. ಡಬ್ಬದಲ್ಲಿ ಉಳಿದದ್ದನ್ನೂ ಹಾಗೆಯೇ ಮಾಡಿದ. ಕುಂಕುಮದ ಬೊಟ್ಟಿದ್ದ ಮುಚ್ಚಳವನ್ನು ಏನು ಮಾಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡ. ಜವರಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದಳು. ಹರ್ಷಿತಾ ಅವಳಿಗೆ ಎಲ್ಲವನ್ನೂ ಹೇಳಿದ್ದಳು.

"ನನ್ನಿಂದ ಒಂದು ಜೀವ ಹೋಯ್ತಿತ್ತಲ್ಲಾ ಮಗ."

"ನಿನ್ನಿಂದ ಅಲ್ಲ ಕಣವ್ವ. ನೀನು ಗೊತ್ತಿಲ್ದೆ ಮಾಡ್ದೆ." ಪೈಪಿನ ನೀರು ಅವನ ಪಾದದ ಮೇಲೆಯೇ ಬೀಳುತ್ತಿತ್ತು.

ಮುದುಕಿ ಎದ್ದು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಆಮೇಲೆ, "ಬರೋ ವಾರ ಅಯ್ನೋರ್ನ ಊಟಕ್ ಕರಿ. ಕೈ ಮುಗ್ದು ತಪ್ಪಾಯ್ತು ಅಂತ ಕೇಳ್ಕತೀನಿ. ಬತ್ತರೆ ತಾನೆ?" ಅಂದಳು.

"ಬರಲ್ಲ ಕಣವ್ವ," ಅಂದ ದೇವರಾಜು.

ಹಾಗೆಂದು ಡಾಕ್ಟರು ಹೇಳಿರಲಿಲ್ಲ. ಆದರೆ ಅದೊಂದರ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ.